ನೀಲಿ ತಟ್ಟೆ ಚೀನಾದ್ದೋ, ಯುರೋಪಿನದೋ? ಶಿನ್ವಾಜರಿ ಗುರುತಿಸುವ ಬಗೆ

ಅಜ್ಜನ ಕಾಲದ ನೀಲಿ ತಟ್ಟೆಯ ಫೋಟೊ ಕಳಿಸಿ "ಇದು ಚೀನಾದ್ದಾ?" ಎಂದು ಕೇಳುವ ಓದುಗರು ತುಂಬ ಮಂದಿ. ತಟ್ಟೆಯಲ್ಲಿ ಸೇತುವೆ ಇರುತ್ತದೆ, ಕೊಂಬೆಗಳು ಜೋತುಬಿದ್ದ ಮರ ಇರುತ್ತದೆ, ಮೂಲೆಗಳು ಮೇಲಕ್ಕೆ ತಿರುಗಿದ ಚಾವಣಿಯ ಮನೆ ಇರುತ್ತದೆ. ಚೀನಾದ್ದೇ ಅನ್ನಿಸುವುದು ಸಹಜ. ಆದರೆ ಬಹಳ ಸಲ ನಾನು ಬರೆಯಬೇಕಾದ ಉತ್ತರ "ಅಲ್ಲ, ಇಂಗ್ಲೆಂಡಿನದು" ಎಂದೇ. ಹೊರದೇಶದಲ್ಲಿರುವ ಕನ್ನಡಿಗರ ಪ್ರಶ್ನೆ ಸ್ವಲ್ಪ ಬೇರೆ: "ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಕಪ್ಪು ಬೀರು ನೋಡಿದೆ, ಮೈತುಂಬ ಚಿನ್ನಬಣ್ಣದ ಪಗೋಡಾ ಗೋಪುರಗಳು, ಚೀಟಿಯಲ್ಲಿ ಮಾತ್ರ ಇಂಗ್ಲೆಂಡ್ ಅಂತ ಬರೆದಿತ್ತು, ಹೇಗೆ?" ಎಲ್ಲರಿಗೂ ಸೇರಿಸಿ ಒಮ್ಮೆ ಸಮಾಧಾನವಾಗಿ ಬರೆಯೋಣವೆಂದು ಕೂತಿದ್ದೇನೆ.

ಈ ಬಗೆಯ ವಸ್ತುಗಳಿಗೆ ಶಿನ್ವಾಜರಿ ಎನ್ನುತ್ತಾರೆ. ಅದು ಫ್ರೆಂಚ್ ಮಾತು. 'ಶಿನ್ವಾ' ಎಂದರೆ ಚೀನೀ. ಚೀನಾದ ಕಲೆಯನ್ನು ನೋಡಿ, ಎಷ್ಟೋ ಸಲ ಬರೀ ಕೇಳಿ, ಯುರೋಪಿನವರು ತಮ್ಮ ಮಣ್ಣು, ಮರ, ಬಟ್ಟೆ, ಕಾಗದದಲ್ಲಿ ಮಾಡಿಕೊಂಡ ಅಲಂಕಾರ ಇದು. 17ನೇ ಶತಮಾನದಲ್ಲಿ ಚಿಗುರಿ 18ನೇ ಶತಮಾನದ ನಡುವಿಗೆ ಅರಮನೆಯಿಂದ ಅಂಗಡಿಯವರೆಗೆ ಹಬ್ಬಿತು. ಮಾಡಿದವರಲ್ಲಿ ಬಹುಪಾಲು ಜನ ಚೀನಾಕ್ಕೆ ಕಾಲಿಟ್ಟವರೇ ಅಲ್ಲ. ಕಾಣದ ಊರನ್ನು ಬರೆಯುವಾಗ ಕೈ ತಪ್ಪುತ್ತದೆ. ಆ ತಪ್ಪುಗಳನ್ನು ಓದಲು ಕಲಿತವರಿಗೆ ತಟ್ಟೆ ತನ್ನ ಊರನ್ನು ತಾನೇ ಹೇಳುತ್ತದೆ.

ಕೆಲಸ ಶುರುಮಾಡುವ ಮುಂಚೆ ಮನಸ್ಸಿನಲ್ಲಿ ಮೂರು ರಾಶಿ ಮಾಡಿಕೊಳ್ಳಿ. ಚೀನಾದಲ್ಲಿ ಚೀನಾದವರಿಗಾಗಿಯೇ ಮಾಡಿದ್ದು ಒಂದು. ಚೀನಾದಲ್ಲಿ ಯುರೋಪಿನ ಗಿರಾಕಿಗಾಗಿ ಮಾಡಿ ಹಡಗು ಹತ್ತಿಸಿದ್ದು ಎರಡನೆಯದು. ಇದಕ್ಕೆ ರಫ್ತು ಪಿಂಗಾಣಿ ಎನ್ನುತ್ತಾರೆ. ಯುರೋಪಿನಲ್ಲೇ ಚೀನಾದ ರೀತಿಯಲ್ಲಿ ಮಾಡಿದ್ದು ಮೂರನೆಯದು. ಶಿನ್ವಾಜರಿ ಎನ್ನುವುದು ಇದನ್ನೇ. ಜನ ಎಡವುವುದು ಎರಡು ಮತ್ತು ಮೂರರ ನಡುವೆ. ನಾವು ಮಾಡಬೇಕಾದ ಕೆಲಸವೂ ಅಲ್ಲೇ.

ಬೇಕಾದ ಸಾಮಾನು

ಸಣ್ಣ ಟಾರ್ಚು (ಫೋನಿನದೂ ಆಗುತ್ತದೆ), ಒಂದು ಭೂತಗನ್ನಡಿ, ಮೇಜಿನ ಮೇಲೆ ಹಾಸಲು ದಪ್ಪ ಟವೆಲು, ಕಿಟಕಿಯ ಬೆಳಕು. ಇಷ್ಟೇ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಕೈ ಒಣಗಿರಲಿ. ತಟ್ಟೆಯನ್ನು ಅಂಚು ಹಿಡಿದು ಎತ್ತಬೇಡಿ, ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಿ. ಹೂಜಿಯಾದರೆ ಕಿವಿ ಹಿಡಿದು ಎತ್ತಲೇಬೇಡಿ. ಕಿವಿ ಹಿಂದೆಂದೋ ಮುರಿದು ಅಂಟಿಸಿದ್ದಾಗಿರಬಹುದು.

ಬೇಡದ್ದನ್ನೂ ಹೇಳಿಬಿಡುತ್ತೇನೆ. ಸೂಜಿಯಿಂದ ಗೀರಿ ನೋಡುವುದು, ಹುಳಿ ಹಾಕಿ ಉಜ್ಜುವುದು, ಬೆರಳಲ್ಲಿ ತಟ್ಟಿ ನಾದ ಕೇಳುವುದು, ಇವು ಯಾವುದೂ ಬೇಡ. ನಾದ ಕೇಳುವುದು ಹಳೇ ರೂಢಿ, ನಿಜ. ಆದರೆ ಕಣ್ಣಿಗೆ ಕಾಣದ ಬಿರುಕಿದ್ದರೆ ಆ ಒಂದು ಏಟೇ ಅದಕ್ಕೆ ಕೊನೆಯದಾಗುತ್ತದೆ.

ಹಂತ 1: ಮೊದಲು ಮಣ್ಣು ನೋಡಿ, ಚಿತ್ರ ಆಮೇಲೆ

ಎಲ್ಲರೂ ಮಾಡುವ ಮೊದಲ ತಪ್ಪೆಂದರೆ ಚಿತ್ರದಿಂದ ಶುರುಮಾಡುವುದು. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಮಣ್ಣನ್ನು ನಕಲು ಮಾಡಲು ಯುರೋಪಿಗೆ ನೂರಾರು ವರ್ಷ ಬೇಕಾಯಿತು.

ನಿಜವಾದ ಪಿಂಗಾಣಿಗೆ ಕಯೋಲಿನ್ ಎಂಬ ಬಿಳಿ ಜೇಡಿಮಣ್ಣು ಬೇಕು. ಚೀನಾದ ಪಿಂಗಾಣಿ ಪಟ್ಟಣ ಜಿಂಗ್‌ದೆಝೆನ್ ಬಳಿಯ ಗಾವೊಲಿಂಗ್ ಎಂಬ ಬೆಟ್ಟದ ಹೆಸರೇ ಕಯೋಲಿನ್ ಆಯಿತು. ಆ ಮಣ್ಣಿಗೆ ಪೆಟುಂಟ್ಸೆ ಎಂಬ ಕಲ್ಲಿನ ಪುಡಿ ಬೆರೆಸಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಮಣ್ಣು ಅರ್ಧ ಗಾಜಾಗುತ್ತದೆ. ಬೆಳಕು ಹಾಯುತ್ತದೆ, ನೀರು ಇಂಗುವುದಿಲ್ಲ. ಈ ಗುಟ್ಟು ಯುರೋಪಿಗೆ ತಿಳಿದಿರಲಿಲ್ಲ. ಡಚ್ಚರು 1603ರಲ್ಲಿ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ವಶಪಡಿಸಿಕೊಂಡು, ಮರುವರ್ಷ ಅದರಲ್ಲಿದ್ದ ಪಿಂಗಾಣಿಯನ್ನು ಆಮ್‌ಸ್ಟರ್‌ಡಾಮಿನಲ್ಲಿ ಹರಾಜು ಹಾಕಿದಾಗ ಯುರೋಪಿನ ಸಿರಿವಂತರು ಮುಗಿಬಿದ್ದರು. 1644ರಲ್ಲಿ ಚೀನಾದಲ್ಲಿ ಮಿಂಗ್ ರಾಜವಂಶ ಬಿತ್ತು, ಯುದ್ಧದಲ್ಲಿ ಸರಕು ನಿಂತುಹೋಯಿತು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ನೆದರ್ಲೆಂಡ್ಸಿನ ಡೆಲ್ಫ್ಟ್ ಪಟ್ಟಣದಲ್ಲಿ ಮುಚ್ಚಿಹೋಗಿದ್ದ ಬಿಯರ್ ಭಟ್ಟಿಗಳ ಕಟ್ಟಡಗಳಿಗೆ ಕುಂಬಾರರು ಬಂದು ಆವಿಗೆ ಹೂಡಿದರು.

ಅವರ ಕೈಯಲ್ಲಿ ಇದ್ದದ್ದು ಸಾಧಾರಣ ಮಡಕೆಮಣ್ಣು. ಸುಟ್ಟರೆ ಕೆನೆ ಅಥವಾ ಕಂದು ಬಣ್ಣ. ಅದನ್ನು ಮುಚ್ಚಲು ಸೀಸದ ಗಾಜುಲೇಪಕ್ಕೆ ತವರದ ಭಸ್ಮ ಬೆರೆಸಿ ಹಾಲುಬಿಳಿ ಮಾಡಿದರು. ಆ ಹಸಿ ಬಿಳಿಯ ಮೇಲೆ ನೀಲಿಯಲ್ಲಿ ಚೀನಾ ಬರೆದರು. ಹೊರಗೆ ಚೀನಾ, ಒಳಗೆ ಹೆಂಚಿನ ಮಣ್ಣು: ಡೆಲ್ಫ್ಟ್ ಪಾತ್ರೆ ಎಂದರೆ ಇದೇ.

ಈಗ ನಿಮ್ಮ ತಟ್ಟೆಯನ್ನು ಟವೆಲಿನ ಮೇಲೆ ಬೋರಲು ಹಾಕಿ ಈ ಕ್ರಮದಲ್ಲಿ ನೋಡಿ.

ಮುಕ್ಕು. ಅಂಚಿನಲ್ಲಿ ಎಲ್ಲಾದರೂ ಮುಕ್ಕಾಗಿದ್ದರೆ ಅದು ನಿಮ್ಮ ಪಾಲಿನ ಪುಣ್ಯ. ಭೂತಗನ್ನಡಿ ಹಿಡಿಯಿರಿ. ಬಿಸ್ಕತ್ತು ಮುರಿದ ಹಾಗೆ ಒರಟಾಗಿ, ಹಳದಿಗಂದಾಗಿ ಕಂಡು, ಮೇಲಿನ ಬಿಳಿ ಸುಣ್ಣದ ಪದರದಂತೆ ಬೇರೆಯಾಗಿ ನಿಂತಿದ್ದರೆ ಅದು ತವರಲೇಪದ ಪಾತ್ರೆ. ಡೆಲ್ಫ್ಟ್ ಅಥವಾ ಅದರ ಬಳಗದ್ದು. ಗಾಜು ಒಡೆದಂತೆ ಬಿಳಿಯಾಗಿ, ನುಣುಪಾಗಿ, ಲೇಪ ಎಲ್ಲಿ ಮುಗಿದು ಮೈ ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಇದ್ದರೆ ಪಿಂಗಾಣಿ.

ಬೆಳಕು. ಕೋಣೆ ಕತ್ತಲೆ ಮಾಡಿ, ತಟ್ಟೆಯ ತೆಳುವಾದ ಭಾಗದ ಹಿಂದೆ ಟಾರ್ಚು ಹಿಡಿಯಿರಿ. ಬೆರಳಿನ ನೆರಳು ಆಚೆ ಬದಿಗೆ ಕಂಡರೆ ಪಿಂಗಾಣಿ. ಕಾಣದಿದ್ದರೆ ಮಣ್ಣಿನ ಪಾತ್ರೆ ಇರಬೇಕು. ಇಲ್ಲಿ ಎಚ್ಚರಿಕೆ ಬೇಕು. ಬೆಳಕು ಹಾಯ್ದ ಮಾತ್ರಕ್ಕೆ ಚೀನಾದ್ದು ಅನ್ನುವಂತಿಲ್ಲ. ಜರ್ಮನಿಯ ಮೈಸೆನ್ ಪಿಂಗಾಣಿಯಲ್ಲೂ ಬೆಳಕು ಹಾಯುತ್ತದೆ, ಮೂಳೆಯ ಬೂದಿ ಬೆರೆಸಿ ಮಾಡುವ ಇಂಗ್ಲೆಂಡಿನ ಬೋನ್ ಚೈನಾದಲ್ಲೂ ಹಾಯುತ್ತದೆ. ಈ ಪರೀಕ್ಷೆಯಿಂದ ಡೆಲ್ಫ್ಟನ್ನು ಬದಿಗಿಡಬಹುದು, ಅಷ್ಟೇ.

ತಳದ ಬಳೆ. ತಟ್ಟೆ ಮೇಜಿನ ಮೇಲೆ ಕೂರುವ ಉಂಗುರಾಕಾರದ ಭಾಗ. ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಚೀನಾದ ತಟ್ಟೆ ಆವಿಗೆಯಲ್ಲಿ ಈ ಬಳೆಯ ಮೇಲೇ ನಿಂತು ಸುಡುತ್ತಿತ್ತು. ಲೇಪ ಇದ್ದರೆ ಅಡಿಗೆ ಅಂಟಿಕೊಳ್ಳುತ್ತದೆಂದು ಬಳೆಯ ಲೇಪವನ್ನು ಒರೆಸಿಬಿಡುತ್ತಿದ್ದರು. ಹಾಗಾಗಿ ಬೆರಳಾಡಿಸಿದರೆ ಅಲ್ಲಿ ಮಾತ್ರ ತರಿತರಿ. ಲೇಪ ಮುಗಿಯುವ ಕಡೆ ಎಷ್ಟೋ ಸಲ ತುಕ್ಕಿನ ಬಣ್ಣದ ಸಣ್ಣ ಗೆರೆ ಇರುತ್ತದೆ. ಮಣ್ಣಿನಲ್ಲಿದ್ದ ಕಬ್ಬಿಣ ಬೆಂಕಿಗೆ ಕೆಂಪಾದದ್ದು. ಡೆಲ್ಫ್ಟ್ ತಟ್ಟೆಗೆ ಬಳೆಯ ಮೇಲೂ ಲೇಪ ಇರುವುದುಂಟು, ಬದಲಿಗೆ ಹಿಂಭಾಗದಲ್ಲಿ ಮೂರು ಕಡೆ ಚುಕ್ಕೆಯಂಥ ಗಾಯ ಕಾಣುತ್ತದೆ. ಗೂಡಿನಲ್ಲಿ ಮೊಳೆಗಳ ಮೇಲೆ ನಿಲ್ಲಿಸಿ ಸುಟ್ಟ ಗುರುತು ಅದು.

ನೀಲಿ ಎಲ್ಲಿದೆ? ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿ. ಚೀನಾದಲ್ಲಿ ಹಸಿ ಮಣ್ಣಿನ ಮೈಮೇಲೆ ಬರೆದು ಆಮೇಲೆ ಲೇಪ ಕೊಟ್ಟರು. ನೀಲಿ ಗಾಜಿನ ಅಡಿಯಲ್ಲಿ, ಕೆರೆಯ ತಳದಲ್ಲಿರುವಂತೆ ಕಾಣುತ್ತದೆ. ಡೆಲ್ಫ್ಟ್‌ನಲ್ಲಿ ಲೇಪದ ಮೇಲೆ ಬರೆದದ್ದು ಲೇಪದೊಳಕ್ಕೇ ಇಳಿದಿರುತ್ತದೆ. ಆ ಹಸಿ ಲೇಪ ಹೊಸ ಸುಣ್ಣದ ಗೋಡೆಯಂತೆ ಬಣ್ಣವನ್ನು ಹೀರುತ್ತಿತ್ತು, ತಪ್ಪಿದರೆ ಅಳಿಸುವಂತಿರಲಿಲ್ಲ. ಡೆಲ್ಫ್ಟಿನ ಗೆರೆಗಳಲ್ಲಿರುವ ಚುರುಕಿಗೆ ಈ ಕಟ್ಟುಪಾಡೂ ಒಂದು ಕಾರಣ.

ಮೈಸೆನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸ್ಯಾಕ್ಸನಿಯ ದೊರೆ ಆಗಸ್ಟಸ್‌ಗೆ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ 1717ರಲ್ಲಿ ತನ್ನ 600 ಸೈನಿಕರನ್ನು ಪ್ರಷ್ಯಾದ ರಾಜನಿಗೆ ಕೊಟ್ಟು 151 ಚೀನೀ ಪಿಂಗಾಣಿಗಳನ್ನು ತೆಗೆದುಕೊಂಡ. ಚಿನ್ನ ಮಾಡುತ್ತೇನೆಂದು ಹೇಳಿಕೊಂಡಿದ್ದ ಬೊಟ್‌ಗರ್ ಎಂಬ ಯುವಕನನ್ನು ಅದಕ್ಕೂ ಮುಂಚೆಯೇ ಸೆರೆಯಲ್ಲಿಟ್ಟು ಕೆಲಸಕ್ಕೆ ಹಚ್ಚಿದ್ದ. ವಿಜ್ಞಾನಿ ಚಿರ್ನ್‌ಹೌಸ್ ಜೊತೆ ಸೇರಿ ಬೊಟ್‌ಗರ್ 1708ರಲ್ಲಿ ಬಿಳಿ ಪಿಂಗಾಣಿಯ ಗುಟ್ಟು ಹಿಡಿದ. 1710ರಲ್ಲಿ ಮೈಸೆನ್ ಕೋಟೆಯಲ್ಲಿ ಕಾರ್ಖಾನೆ ಶುರುವಾಯಿತು. ಅಲ್ಲಿಂದಾಚೆಗೆ ಮಣ್ಣೊಂದರಿಂದಲೇ ಊರು ಹೇಳುವ ಕಾಲ ಮುಗಿಯಿತು. ಮುಂದಿನ ಹಂತಗಳು ಬೇಕಾಗುವುದು ಅದಕ್ಕೇ.

ಹಂತ 2: ಕುಂಚವೋ, ಅಚ್ಚೋ?

ಕರ್ನಾಟಕದ ಹಳೇ ಮನೆಗಳಲ್ಲಿ, ತೋಟದ ಬಂಗಲೆಗಳಲ್ಲಿ ಸಿಗುವ ನೀಲಿ ತಟ್ಟೆಗಳಿಗೆ ಈ ಹಂತವೇ ಮುಖ್ಯ. ಏಕೆಂದರೆ ನಾನು ನೋಡಿದವುಗಳಲ್ಲಿ ಹೆಚ್ಚಿನವು 'ವಿಲೋ ಮಾದರಿ'ಯವು. ಜೋತುಬಿದ್ದ ಕೊಂಬೆಗಳ ಆ ಮರವೇ ವಿಲೋ. ಅದರ ಪಕ್ಕದಲ್ಲಿ ಮೂವರು ದಾಟುತ್ತಿರುವ ಸೇತುವೆ, ಒಂದು ದೋಣಿ, ಹಣ್ಣು ಬಿಟ್ಟ ಮರದ ಹಿಂದೆ ದೊಡ್ಡ ಮನೆ, ಮುಂದೆ ಅಂಕುಡೊಂಕು ಬೇಲಿ, ಮೇಲೆ ಎದುರುಬದುರು ಹಾರುವ ಎರಡು ಹಕ್ಕಿ. 1790ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಕುಂಬಾರರು ಚೀನೀ ತಟ್ಟೆಗಳಿಂದ ಬಿಡಿಬಿಡಿ ತುಣುಕು ಆರಿಸಿ ಕೂಡಿಸಿದ ಚಿತ್ರ ಇದು. ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳು ಲೆಕ್ಕವಿಲ್ಲದಷ್ಟು ಮಾಡಿ ಊರೂರಿಗೆ ಕಳಿಸಿದವು.

ಇವನ್ನು ಬರೆದವರಿಲ್ಲ, ಅಚ್ಚು ಹಾಕಿದ್ದಾರೆ. ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ, ಅದಕ್ಕೆ ನೀಲಿ ಮಸಿ ತುಂಬಿ, ತೆಳು ಕಾಗದಕ್ಕೆ ಇಳಿಸುತ್ತಿದ್ದರು. ಕಾಗದ ಹಸಿಯಿರುವಾಗಲೇ ಒಮ್ಮೆ ಸುಟ್ಟ ತಟ್ಟೆಯ ಮೇಲೆ ಒತ್ತಿ ಉಜ್ಜಿ, ಕಾಗದ ತೊಳೆದು, ಲೇಪ ಕೊಟ್ಟು ಮತ್ತೆ ಸುಡುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಆಕಾಶ, ನೀರು, ಎಲೆ ಎಲ್ಲವೂ ಸಣ್ಣ ಚುಕ್ಕೆ ಮತ್ತು ಒತ್ತಾದ ಗೀರುಗಳು. ಕುಂಚದಲ್ಲಿ ಬರೆದಿದ್ದರೆ ಬಣ್ಣ ಒಂದು ಕಡೆ ಮಡುಗಟ್ಟಿ, ಇನ್ನೊಂದು ಕಡೆ ತೆಳುವಾಗಿ ಹರಿದಿರುತ್ತಿತ್ತು.

ಅಚ್ಚಿನ ಇನ್ನೂ ಖಚಿತವಾದ ಗುರುತು ಅಂಚಿನ ಪಟ್ಟಿಯ ಬೆಸುಗೆ. ಅಂಚಿಗೆ ಕಾಗದದ ಪಟ್ಟಿಯನ್ನು ಸುತ್ತ ಹಾಯಿಸಿ ಕೊನೆಗೆ ಎರಡು ತುದಿ ಕೂಡಿಸಬೇಕು. ಅಲ್ಲಿ ವಿನ್ಯಾಸ ಸರಿಯಾಗಿ ಕೂಡುವುದು ಅಪರೂಪ. ನಮ್ಮ ಅಜ್ಜಿಯ ಗೂಡಿನಲ್ಲಿದ್ದ ತಟ್ಟೆಯಲ್ಲಿ, ಗಡಿಯಾರದ ಮುಳ್ಳು ಐದಕ್ಕೆ ನಿಲ್ಲುವ ಜಾಗದಲ್ಲಿ, ಒಂದು ಚಿಟ್ಟೆಯ ಅರ್ಧ ರೆಕ್ಕೆ ಪಟ್ಟಿಯ ಗೆರೆಗೆ ಢಿಕ್ಕಿ ಹೊಡೆದು ಕಾಣೆಯಾಗಿತ್ತು. ಇಪ್ಪತ್ತು ವರ್ಷ ಅದೇ ತಟ್ಟೆಯಲ್ಲಿ ಕೋಡುಬಳೆ ತಿಂದಿದ್ದೆ, ನೋಡಿರಲಿಲ್ಲ.

ಎರಡು ಕಡೆ ಜಾರಬೇಡಿ. ಒಂದು, ವಿಲೋ ತಟ್ಟೆಯ ಜೊತೆಗೆ ಬರುವ ಪ್ರೇಮಕಥೆ: ಅಧಿಕಾರಿಯ ಮಗಳು, ಬಡ ಗುಮಾಸ್ತ, ಓಡಿಹೋಗುವಿಕೆ, ಕೊನೆಗೆ ಹಕ್ಕಿಗಳಾಗುವುದು. ಇದು ಚೀನಾದ ಜನಪದ ಕಥೆಯೆಂದು ಈಗಲೂ ಹೇಳುತ್ತಾರೆ. ಅದು ಚೀನಾದ್ದಲ್ಲ. ಚಿತ್ರ ಬಂದು ಅರ್ಧ ಶತಮಾನ ಕಳೆದ ಮೇಲೆ, 1849ರಲ್ಲಿ, ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅಚ್ಚಾದ ಕಥೆ. ಎರಡು, ವಿಲೋ ಎಂದರೆ ಇಂಗ್ಲೆಂಡೇ ಎಂದೂ ತೀರ್ಮಾನಿಸಬೇಡಿ. ಇಂಗ್ಲೆಂಡಿನ ಈ ಚೀನೀ ಚಿತ್ರ ಎಷ್ಟು ಮಾರಾಟವಾಯಿತೆಂದರೆ ಆಮೇಲೆ ಜಪಾನಿನವರೂ ಚೀನಾದವರೂ ಅದನ್ನೇ ಮಾಡಿ ಮಾರಿದರು.

ಹಂತ 3: ಚಿತ್ರದ ತಪ್ಪುಗಳನ್ನು ಓದಿ

ಮಣ್ಣು ನೋಡಿದಿರಿ, ಗೆರೆ ನೋಡಿದಿರಿ. ಈಗ ಚಿತ್ರಕ್ಕೆ ಬನ್ನಿ. ಇಲ್ಲಿ ಅವಸರ ಬೇಡ. ಒಂದೊಂದು ವಸ್ತುವಿಗೆ ಹತ್ತು ನಿಮಿಷ ಕೊಡಿ.

ಮೊದಲು ಅಕ್ಷರಗಳು. ಶಿನ್ವಾಜರಿಯಲ್ಲಿ ಚೀನೀ ಅಕ್ಷರದಂತೆ ಕಾಣುವ, ಯಾವ ಭಾಷೆಯದೂ ಅಲ್ಲದ ಗೀಚು ಬಹಳ. ಚೀನೀ ಓದಬಲ್ಲ ಪರಿಚಯದವರಿಗೆ ಫೋಟೊ ಕಳಿಸಿ. "ಇದು ಅಕ್ಷರವೇ ಅಲ್ಲ" ಎಂದು ಉತ್ತರ ಬಂದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಅಳತೆ. ಮನೆಗಿಂತ ಎತ್ತರದ ಹೂವು, ದೋಣಿಗಿಂತ ದೊಡ್ಡ ಹಕ್ಕಿ, ಯಾವುದಕ್ಕೂ ಅಂಟದೆ ಗಾಳಿಯಲ್ಲಿ ತೇಲುವ ನೆಲದ ತುಂಡು. ಚೀನೀ ಚಿತ್ರಕಾರ ಖಾಲಿ ಜಾಗ ಬಿಟ್ಟರೆ ಅದು ಮಂಜು, ನೀರು ಅಥವಾ ದೂರ. ಯುರೋಪಿನ ಕೈ ಅದನ್ನು ಖಾಲಿ ಎಂದೇ ಓದಿ, ತುಂಡುತುಂಡಾಗಿ ಚದುರಿಸಿತು. ಯುರೋಪಿನ ಅಲಂಕಾರಿಕ ಬಳ್ಳಿಸುರುಳಿ, ಚಿಪ್ಪಿನಾಕಾರ, ಹೂದಂಡೆಗಳ ನಡುವೆ ಈ ತುಂಡುಗಳು ಸಿಕ್ಕಿಕೊಂಡಿದ್ದರೆ ಸಂಶಯ ಬೇಡ. ಫ್ರಾನ್ಸಿನ ಪಿಲ್‌ಮಾಂ ಎಂಬ ಕಲಾವಿದನ ವಿನ್ಯಾಸಗಳಲ್ಲಿ ಇದು ಅತಿ ಚೆಲುವಾಗಿದೆ: ಯಾವ ತೋಟದಲ್ಲೂ ಬೆಳೆಯದ ಹೂವುಗಳ ಕೆಳಗೆ ಉಯ್ಯಾಲೆಯಾಡುವ, ಮೀನು ಹಿಡಿಯುವ ಪುಟ್ಟ ಜನ.

ಹಣ್ಣು ತರಕಾರಿ ನೋಡಿ. ಮೈಸೆನ್ನಿನ 'ಈರುಳ್ಳಿ ಮಾದರಿ' ಎಂಬ ನೀಲಿ ವಿನ್ಯಾಸ ಸುಮಾರು 1740ರಿಂದ ಇಂದಿನವರೆಗೂ ನಡೆದುಬಂದಿದೆ. ಅದರಲ್ಲಿ ಈರುಳ್ಳಿ ಎಂದು ಎಲ್ಲರೂ ಕರೆಯುವುದು ನಿಜವಾಗಿ ದಾಳಿಂಬೆ ಮತ್ತು ಪೀಚ್. ಚೀನಾದಲ್ಲಿ ದಾಳಿಂಬೆ ಎಂದರೆ ಮಕ್ಕಳ ಭಾಗ್ಯ, ಪೀಚ್ ಎಂದರೆ ದೀರ್ಘಾಯುಷ್ಯ. ಗುರುತು ಸಿಗದ ಕಣ್ಣಿಗೆ ಅವು ಈರುಳ್ಳಿಯಾದವು. ಒಂದು ಹರಕೆ ತರಕಾರಿಯಾಗಿಬಿಟ್ಟಿತಲ್ಲ ಎಂದು ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ, ವಿನ್ಯಾಸದ ಅಂದಕ್ಕೆ ಮನಸೋಲುತ್ತಲೇ.

ಪಗೋಡಾ ಇದ್ದರೆ ಅಂತಸ್ತು ಎಣಿಸಿ. ಚೀನಾದ ಪಗೋಡಾಗಳಿಗೆ ರೂಢಿಯಂತೆ ಬೆಸ ಸಂಖ್ಯೆಯ ಅಂತಸ್ತು: ಐದು, ಏಳು, ಒಂಬತ್ತು. ನಾನ್‌ಜಿಂಗ್‌ನ ಹೆಸರಾಂತ ಪಿಂಗಾಣಿ ಗೋಪುರಕ್ಕೆ ಒಂಬತ್ತು ಇತ್ತು. ಡಚ್ ರಾಯಭಾರದ ಜೊತೆ ಚೀನಾಕ್ಕೆ ಹೋಗಿಬಂದ ನ್ಯೂಹೋಫ್‌ನ ಪುಸ್ತಕ 1665ರಲ್ಲಿ ಅಚ್ಚಾದಾಗ ಅದರ ಚಿತ್ರದಲ್ಲಿ ಹತ್ತು ಆಯಿತು. ಆ ಪುಸ್ತಕದ ಚಿತ್ರಗಳನ್ನು ಯುರೋಪಿನ ಕುಶಲಕರ್ಮಿಗಳು ನೂರು ವರ್ಷ ನಕಲು ಮಾಡಿದರು. ಲಂಡನ್ನಿನ ಕ್ಯೂ ತೋಟದಲ್ಲಿ ವಿಲಿಯಂ ಚೇಂಬರ್ಸ್ 1762ರಲ್ಲಿ ಕಟ್ಟಿಸಿದ ಪಗೋಡಾಕ್ಕೂ ಹತ್ತೇ ಅಂತಸ್ತು. ಚೇಂಬರ್ಸ್ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಕ್ಯಾಂಟನ್ನಿಗೆ, ಅಂದರೆ ಇಂದಿನ ಗುವಾಂಗ್‌ಝೌಗೆ, ಹೋಗಿ ಬಂದವನು. ಅಂಥವನ ಕಟ್ಟಡದಲ್ಲೂ ಸಮಸಂಖ್ಯೆ ಉಳಿಯಿತು.

ಕೊನೆಗೆ ಮುಖ ನೋಡಿ. ಚೂಪು ಟೊಪ್ಪಿ, ಜೋಲುಮೀಸೆ, ಕೈಯಲ್ಲಿ ಕೊಡೆ; ಮೂಗು, ಕೆನ್ನೆ, ನಿಲುವು ಮಾತ್ರ ಪ್ಯಾರಿಸ್ಸಿನವರದು. ಎಷ್ಟೋ ಕಡೆ ಈ ಜನರನ್ನು ಆಟದ ಗೊಂಬೆಗಳಂತೆ, ಸದಾ ನಗುವವರಂತೆ, ಕೆಲವೊಮ್ಮೆ ಮಂಗಗಳ ಪಕ್ಕದಲ್ಲಿ ಕೂರಿಸಿ ಬರೆದಿದ್ದಾರೆ. ಇದನ್ನು ನೋಡಿ ಚೀನಾದ ಜನಜೀವನ ಹೀಗಿತ್ತೆಂದು ಮಕ್ಕಳಿಗೆ ಹೇಳಬೇಡಿ. ಯುರೋಪಿನವರು ಹಾಗೆಂದು ಊಹಿಸಿಕೊಂಡಿದ್ದರು ಎಂದು ಹೇಳಿ.

ಈ ಹಂತದ ಬಲೆ ರಫ್ತು ಪಿಂಗಾಣಿ. ಯುರೋಪಿನ ಮನೆತನದ ಲಾಂಛನ, ಯುರೋಪಿನ ಹಡಗು, ಏಸುವಿನ ಚಿತ್ರ ಇರುವ ತಟ್ಟೆ ಚೀನಾದ್ದೇ ಆಗಿರಬಹುದು. ಕಳಿಸಿದ ಮಾದರಿ ನೋಡಿ ಕ್ಯಾಂಟನ್ನಿನ ಚಿತ್ರಕಾರ ತಾನು ಕಾಣದ ಊರನ್ನು ಬರೆದ. ಅವನ ಕೈಯೂ ತಪ್ಪಿತು. ಹಾಗಾಗಿ ತಪ್ಪು ಕಂಡಾಗ "ಯಾರ ತಪ್ಪು?" ಎಂದು ಕೇಳಿಕೊಳ್ಳಿ. ಚೀನಾದ ಸಂಗತಿ ತಪ್ಪಿದ್ದರೆ ಯುರೋಪಿನ ಕೈ, ಯುರೋಪಿನ ಸಂಗತಿ ತಪ್ಪಿದ್ದರೆ ಚೀನಾದ ಕೈ.

ಹಂತ 4: ಮುದ್ರೆಯನ್ನು ಕೊನೆಗೆ ನೋಡಿ

ಜನ ಮೊದಲು ನೋಡುವುದು ತಳದ ಮುದ್ರೆ. ನಾನು ಅದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ, ಏಕೆಂದರೆ ಸುಳ್ಳು ಹೇಳುವುದು ಅದಕ್ಕೆ ಸುಲಭ. ಚೀನಾದಲ್ಲೇ ಹಿಂದಿನ ಚಕ್ರವರ್ತಿಗಳ ಹೆಸರಿನ ಮುದ್ರೆಯನ್ನು ಗೌರವದಿಂದ ಮುಂದಿನವರು ಹಾಕುತ್ತಿದ್ದರು. ಮಿಂಗ್ ಮುದ್ರೆ ಇದ್ದರೆ ಮಿಂಗ್ ಕಾಲದ್ದು ಎನ್ನುವಂತಿಲ್ಲ. ಇಂಗ್ಲೆಂಡಿನ ವೂಸ್ಟರ್ ಕಾರ್ಖಾನೆ 18ನೇ ಶತಮಾನದಲ್ಲಿ ಚೀನೀ ಮುದ್ರೆಯಂತೆ ಕಾಣುವ ಚೌಕವೊಂದನ್ನು ತನ್ನ ಗುರುತಾಗಿ ಬಳಸಿತು. ಮೈಸೆನ್ನಿನ ಅಡ್ಡಹಾಯ್ದ ಎರಡು ಖಡ್ಗಗಳನ್ನು ನಕಲು ಮಾಡದ ದೇಶವೇ ಇಲ್ಲ. ಈರುಳ್ಳಿ ಮಾದರಿಯನ್ನು ಎಲ್ಲರೂ ಮಾಡತೊಡಗಿದಾಗ, 19ನೇ ಶತಮಾನದ ಕೊನೆಯಲ್ಲಿ, ಮೈಸೆನ್ನಿನವರು ಚಿತ್ರದಲ್ಲಿರುವ ಬಿದಿರಿನ ಬುಡದಲ್ಲೇ ಸಣ್ಣದಾಗಿ ಖಡ್ಗ ಬರೆಯಲು ಶುರುಮಾಡಿದರು. ಅದನ್ನು ಹುಡುಕಿ ನೋಡಿ.

ನಂಬಬಹುದಾದ ಒಂದು ಗುರುತು ದೇಶದ ಹೆಸರು. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ ಮಾಡಿದ ಕಾನೂನು 1891ರಲ್ಲಿ ಜಾರಿಗೆ ಬಂತು. ತಟ್ಟೆಯ ತಳದಲ್ಲಿ 'ಇಂಗ್ಲೆಂಡ್' ಎಂದಿದ್ದರೆ ಸಾಮಾನ್ಯವಾಗಿ ಅದು ಆಮೇಲಿನದು. 'ಮೇಡ್ ಇನ್ ಇಂಗ್ಲೆಂಡ್' ಎಂದಿದ್ದರೆ 20ನೇ ಶತಮಾನದ್ದು. 'ಡೆಲ್ಫ್ಟ್ ಬ್ಲೂ, ಹ್ಯಾಂಡ್ ಪೇಂಟೆಡ್, ಹಾಲೆಂಡ್' ಎಂದು ಉದ್ದಕ್ಕೆ ಬರೆದಿದ್ದರೆ ಪ್ರವಾಸಿಗರಿಗೆ ಮಾರುವ ಈಚಿನ ಸ್ಮರಣಿಕೆ.

ಹಂತ 5: ಮರ ಮತ್ತು ಅರಗು

ಕಪ್ಪು ಬೀರುವಿನ ಪ್ರಶ್ನೆಗೆ ಈಗ ಬಂದೆ. ಚೀನಾ ಮತ್ತು ಜಪಾನಿನ ಮೆರುಗು ಒಂದು ಮರದ ಹಾಲಿನಿಂದ ಬರುತ್ತದೆ. ತೇವದ ಗಾಳಿಯಲ್ಲಿ ಪದರ ಪದರವಾಗಿ ಗಟ್ಟಿಯಾಗುವ ಆ ಹಾಲು ಯುರೋಪಿನಲ್ಲಿ ಇರಲಿಲ್ಲ. ಅದರ ಬದಲಿಗೆ ಅವರು ಬಳಸಿದ್ದು ನಮ್ಮ ದೇಶದಿಂದ ಹೋಗುತ್ತಿದ್ದ ಅರಗು. ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಕಾಡಿಗೆ ಬೆರೆಸಿ, ಕುಂಚದಲ್ಲಿ ಬಳಿದು, ಉಜ್ಜಿ, ಮತ್ತೆ ಬಳಿಯುವುದು. ಇದಕ್ಕೆ ಅವರು ಇಟ್ಟ ಹೆಸರು 'ಜಪಾನಿಂಗ್'. 1688ರಲ್ಲಿ ಇಂಗ್ಲೆಂಡಿನಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಇದರ ಕೈಪಿಡಿಯನ್ನೇ ಹೊರತಂದರು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ತರುವುದನ್ನು ನೋಡಿದವರಿಗೆ ಈ ಹೊಳಪು ಪರಿಚಿತ ಅನ್ನಿಸುತ್ತದೆ. ವಸ್ತು ಅದೇ, ಬಳಿಯುವ ಬಗೆ ಬೇರೆ. ಇಂಗ್ಲಿಷಿನ 'ಲ್ಯಾಕರ್' ಎಂಬ ಮಾತಿನ ಬೇರೂ ನಮ್ಮ 'ಲಾಕ್ಷಾ'ದಲ್ಲಿದೆ.

ಗುರುತಿಸುವುದು ಹೀಗೆ. ಹಸಿರು, ನೀಲಿ, ಕೆನೆಬಣ್ಣದ ಮೈಯಿದ್ದರೆ ಹೆಚ್ಚಾಗಿ ಯುರೋಪು. ಚಿತ್ರದ ಸುತ್ತ ಕೂದಲೆಳೆಯಷ್ಟು ಕಾಗದದ ಅಂಚು ಕಂಡರೆ ಖಂಡಿತ ಯುರೋಪು: ಅಚ್ಚಿನ ಚಿತ್ರ ಕತ್ತರಿಸಿ ಅಂಟಿಸಿ ಮೇಲೆ ಮೆರುಗೆಣ್ಣೆ ಬಳಿಯುವುದು ವೆನಿಸ್ಸಿನಲ್ಲಿ ಕಸುಬಾಗಿತ್ತು, ಇಂಗ್ಲೆಂಡಿನ ಸಿರಿವಂತ ಹೆಂಗಸರಿಗೆ ಹವ್ಯಾಸವಾಗಿತ್ತು. ಡುಬ್ಬಾದ ಬೀರುವಿನ ಮೈಮೇಲೆ ಹಕ್ಕಿ ಅರ್ಧಕ್ಕೇ ತುಂಡಾಗಿದ್ದರೆ, ಏಷ್ಯಾದ ನಿಜವಾದ ಮೆರುಗುಹಲಗೆಯನ್ನು ಕೊಯ್ದು ಪ್ಯಾರಿಸ್ಸಿನಲ್ಲಿ ಜೋಡಿಸಿದ್ದಾರೆ ಎಂದು ಅರ್ಥ. ಬೀರು ಏಷ್ಯಾದ್ದು, ಅಡಿಯ ಚಿನ್ನದ ಕಾಲುಮಣೆ ಯುರೋಪಿನದು, ಇದೂ ತುಂಬ ಸಾಮಾನ್ಯ. ಮೆರುಗೇ ಇಲ್ಲದ ಮಹಾಗನಿ ಕುರ್ಚಿಯ ಬೆನ್ನಿಗೆ ಕಿಟಕಿ ಜಾಲರಿಯಂಥ ಕೊರೆತ ಇದ್ದರೆ ಅದು 'ಚೈನೀಸ್ ಚಿಪೆಂಡೇಲ್' ಬಗೆ. ಲಂಡನ್ನಿನ ಬಡಗಿ ಥಾಮಸ್ ಚಿಪೆಂಡೇಲ್ 1754ರಲ್ಲಿ ಹೊರತಂದ ಮಾದರಿ ಪುಸ್ತಕದಿಂದ ಹರಡಿದ್ದು.

ದಯವಿಟ್ಟು ಒಂದು ಮಾತು ನೆನಪಿಡಿ: ಅರಗಿನ ಮೇಲೆ ಸ್ಪಿರಿಟ್ಟು, ಸ್ಯಾನಿಟೈಸರು, ಗಾಜು ಒರೆಸುವ ದ್ರಾವಣ ತಾಗಿಸಬೇಡಿ. ಕರಗಿ ಬಿಳಿ ಕಲೆ ಉಳಿಯುತ್ತದೆ. ಮೆತ್ತನೆಯ ಒಣ ಕುಂಚದಲ್ಲಿ ದೂಳು ತೆಗೆದರೆ ಸಾಕು.

ಹಂತ 6: ಗೋಡೆ ಮತ್ತು ಕಟ್ಟಡ

ಗೋಡೆಕಾಗದಕ್ಕೆ ಒಂದೇ ಪರೀಕ್ಷೆ: ಅದೇ ಹಕ್ಕಿ ಮತ್ತೆ ಬರುತ್ತದೆಯೇ? ಕ್ಯಾಂಟನ್ನಿನಿಂದ ಬಂದ ಕಾಗದ ಕೈಯಿಂದ ಬರೆದದ್ದು. ಕೋಣೆಯ ಸುತ್ತ ಒಂದೇ ತೋಟ ಮುಂದುವರಿಯುತ್ತ ಹೋಗುತ್ತದೆ. ಯುರೋಪಿನ ಅಚ್ಚುಕಾಗದದಲ್ಲಿ ಹಕ್ಕಿ ಲೆಕ್ಕಕ್ಕೆ ಸರಿಯಾಗಿ ಮರಳಿ ಬರುತ್ತದೆ.

ಕಟ್ಟಡದಲ್ಲಿ ಗೊಂದಲವಿಲ್ಲ, ಅದು ನಿಂತ ನೆಲವೇ ಹೇಳುತ್ತದೆ. ಜರ್ಮನಿಯಲ್ಲಿರುವವರು ಪಾಟ್ಸ್‌ಡ್ಯಾಮಿನ ಸಾನ್‌ಸೂಸಿ ಉದ್ಯಾನದ ಚೈನೀಸ್ ಹೌಸ್ ನೋಡಿ (1755–1764): ತಾಳೆಮರದಂಥ ಚಿನ್ನದ ಕಂಬಗಳು, ಸುತ್ತ ಚಹಾ ಕುಡಿಯುತ್ತ ಕೂತ ಚಿನ್ನಲೇಪದ ಕಲ್ಲಿನ ಜನ, ಮುಖ ಮಾತ್ರ ಯುರೋಪಿನವರದು. ಸ್ವೀಡನ್ನಿನವರಿಗೆ ಡ್ರಾಟ್ನಿಂಗ್‌ಹೋಮ್ ಅರಮನೆಯ ಚೀನೀ ಮಂಟಪ ಇದೆ. ಇಂಗ್ಲೆಂಡಿನವರು ಬ್ರೈಟನ್ನಿನ ರಾಯಲ್ ಪೆವಿಲಿಯನ್ನಿಗೆ ಹೋಗಲೇಬೇಕು. ಜಾನ್ ನ್ಯಾಶ್ 1815ರಿಂದ ಏಳು ವರ್ಷ ಕಟ್ಟಿದ ಆ ಅರಮನೆಯ ಹೊರಮೈ ಮೊಗಲರ ಗುಮ್ಮಟ, ಒಳಮೈ ಚೀನಾದ ಡ್ರ್ಯಾಗನ್ನು. ಮೊದಲ ಮಹಾಯುದ್ಧದಲ್ಲಿ, 1914ರಿಂದ 1916ರವರೆಗೆ, ಗಾಯಗೊಂಡ ಭಾರತೀಯ ಸೈನಿಕರಿಗೆ ಅದೇ ಆಸ್ಪತ್ರೆಯಾಗಿತ್ತು. ಆ ಚಾವಣಿಗಳ ಕೆಳಗೆ ಮಲಗಿದ್ದ ನಮ್ಮ ಹಳ್ಳಿಗಾಡಿನ ಹುಡುಗರು ಮೇಲೆ ನೋಡಿ ಏನಂದುಕೊಂಡಿರಬಹುದು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಹಂತ 7: ಚೀಟಿಯಲ್ಲಿರುವ 'ಇಂಡಿಯಾ'ಕ್ಕೆ ಮೋಸಹೋಗಬೇಡಿ

ಹಳೇ ಇಂಗ್ಲಿಷ್ ಪಟ್ಟಿಗಳಲ್ಲಿ 'ಇಂಡಿಯಾ ಪೇಪರ್', 'ಇಂಡಿಯನ್ ಕ್ಯಾಬಿನೆಟ್' ಎಂದಿದ್ದರೆ ಅದು ನಮ್ಮ ದೇಶದ್ದೆಂದು ಹಿಗ್ಗಬೇಡಿ. ಈಸ್ಟ್ ಇಂಡಿಯಾ ಕಂಪನಿ ತಂದದ್ದೆಲ್ಲ ಅವರ ಬಾಯಲ್ಲಿ ಇಂಡಿಯಾ. ಹೆಚ್ಚಿನವು ಚೀನಾ, ಜಪಾನಿನವು. 'ಕೋರಮಂಡಲ್' ತಡಿಕೆಗಳೂ ಹಾಗೆಯೇ. ಆಳೆತ್ತರದ, ಮಡಚುವ, ಕೆತ್ತಿ ಬಣ್ಣ ತುಂಬಿದ ಆ ಮರೆಗಳು ತಯಾರಾದದ್ದು ಚೀನಾದಲ್ಲಿ. ಚೋಳಮಂಡಲ ಕರಾವಳಿಯ ಬಂದರುಗಳ ಮೂಲಕ ಹಾದುಹೋದದ್ದಕ್ಕೆ ಆ ಹೆಸರು ಅಂಟಿತು.

ಕಣ್ಣು ಪಳಗಿಸಲು ದೂರ ಹೋಗಬೇಕಿಲ್ಲ. ಕೊಚ್ಚಿಯ ಪರದೇಶಿ ಸಿನಗಾಗಿನ ನೆಲಕ್ಕೆ ಹಾಸಿರುವ ನೀಲಿ ಬಿಲ್ಲೆಗಳು 18ನೇ ಶತಮಾನದಲ್ಲಿ ಕ್ಯಾಂಟನ್ನಿನಿಂದ ಬಂದ ಕೈಬರಹದ ಅಸಲಿ ಪಿಂಗಾಣಿ. ಡೆಲ್ಫ್ಟಿನವೆಂದು ತಿಳಿದು ನೋಡುವವರೂ ಇದ್ದಾರೆ. ನೀವು ಒಂದನೇ ಹಂತ ನೆನೆದು ನೋಡಿ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಚೀನಾ, ಜಪಾನು, ಯುರೋಪು ಮೂರರ ಪಿಂಗಾಣಿಯೂ ಒಂದೇ ಸೂರಿನಡಿ ಇದೆ. ಬೆಳಗ್ಗೆ ಚೀನಾದ ಕೋಣೆ ನೋಡಿ ಮಧ್ಯಾಹ್ನ ಯುರೋಪಿನ ಕೋಣೆಗೆ ಹೋಗಿ. ಅದೇ ದಿನ, ಅದೇ ಕ್ರಮದಲ್ಲಿ.

ಮನೆಯಲ್ಲಿ ಸಿಕ್ಕಿದ್ದಕ್ಕೆ ಏನು ಮಾಡಬೇಕು

ಊಟಕ್ಕೆ ಬಳಸಬೇಡಿ. ತವರಲೇಪದಲ್ಲಿ ಸೀಸ ಇರುತ್ತದೆ. ಹುಳಿ, ಉಪ್ಪಿನಕಾಯಿ, ಮಜ್ಜಿಗೆ ಅದನ್ನು ಎಳೆಯುತ್ತವೆ. ತೊಳೆಯುವ ಯಂತ್ರಕ್ಕೆ ಹಾಕಬೇಡಿ. ಮುರಿದಿದ್ದರೆ ಫೆವಿಕ್ವಿಕ್ ಹಚ್ಚಬೇಡಿ, ಚೂರುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಗೋಡೆಗೆ ನೇತುಹಾಕುವ ತಂತಿಯ ಕೊಕ್ಕೆ ಬಿಗಿಯಾಗಿದ್ದರೆ ಅಂಚು ಮುಕ್ಕಾಗುತ್ತದೆ. ಮರದ ಸ್ಟ್ಯಾಂಡಿನಲ್ಲಿ ಒರಗಿಸಿ.

ಬಲ್ಲವರಿಗೆ ತೋರಿಸುವುದಾದರೆ ಆರು ಫೋಟೊ ಬೇಕು: ಮುಂಭಾಗ ನೇರವಾಗಿ, ಹಿಂಭಾಗ ನೇರವಾಗಿ, ತಳದ ಬಳೆ ಓರೆಬೆಳಕಿನಲ್ಲಿ, ಮುಕ್ಕಿನ ಜಾಗ ಹತ್ತಿರದಿಂದ, ಅಂಚಿನ ಪಟ್ಟಿ ಕೂಡುವ ಕಡೆ, ಕತ್ತಲಲ್ಲಿ ಹಿಂದಿನಿಂದ ಟಾರ್ಚು ಹಿಡಿದದ್ದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಫ್ಲ್ಯಾಶ್ ಬೇಡ. ತಟ್ಟೆ ಮನೆಗೆ ಯಾರಿಂದ, ಯಾವ ಊರಿನಿಂದ, ಯಾವಾಗ ಬಂತೆಂದು ಮನೆಯ ಹಿರಿಯರನ್ನು ಇವತ್ತೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿಯನ್ನು ತಟ್ಟೆಗೆ ಅಂಟಿಸಬೇಡಿ, ಪಕ್ಕದಲ್ಲಿ ಲಕೋಟೆಗೆ ಹಾಕಿಡಿ. ಟೇಪು ಕೀಳುವಾಗ ಅಂಚಿನ ಚಿನ್ನದ ಗೆರೆಯೂ ಜೊತೆಗೇ ಕಿತ್ತುಬರುತ್ತದೆ.